ಮಣಿಕಟ್ಟು ಮುರಿದ ಮೇಲೆ

ಟಿಪ್ಪು ಸುಲ್ತಾನನ ಕಾಲದಿಂದ ಕುದುರೆಗಳನ್ನು ಸಾಕಿ ಬೆಳೆಸುತ್ತ ಬಂದಿರುವ ಕುಣಿಗಲ್ಲಿನಲ್ಲಿ ಎಲುಬಿನ ಬೆಲೆಯನ್ನು ಯಾರಿಗೂ ಹೊಸದಾಗಿ ಹೇಳಿಕೊಡಬೇಕಾದ ಪ್ರಮೇಯವಿಲ್ಲ. ಓಟದ ಕುದುರೆಯ ಬಂಡವಾಳವೆಲ್ಲ ಅದರ ಕಾಲಿನ ಮೂಳೆಯಲ್ಲಿದೆ. ಬರಿಯ ತವುಡನ್ನೇ ತಿನ್ನಿಸಿ ಸಾಕಿದ ಕುದುರೆಗೆ ರಂಜಕ ಮಿತಿಮೀರಿ ಸುಣ್ಣದಂಶ ಸಾಲದೆ ಹೋದಾಗ ಅದರ ದೇಹವು ತನ್ನ ಎಲುಬನ್ನೇ ಕರಗಿಸಿ ರಕ್ತಕ್ಕೆ ಸುಣ್ಣವನ್ನು ಒದಗಿಸತೊಡಗುವುದೆಂಬುದನ್ನೂ, ಆಗ ಮುಖದ ಮೂಳೆ ಊದಿಕೊಂಡು ಕಾಲು ಕುಂಟುವುದೆಂಬುದನ್ನೂ ಅಶ್ವವೈದ್ಯರು ಬಹುಕಾಲದಿಂದ ಬಲ್ಲರು. ಆದರೆ ಅದೇ ಸೀಮೆಯ ಮನೆಗಳಲ್ಲಿ, ನಾಲ್ಕು ದಶಕಗಳ ಕಾಲ ಹೊಲಗೈದು, ನೀರು ಹೊತ್ತು, ಮಕ್ಕಳನ್ನು ಹೆತ್ತು ಹಾಲೂಡಿಸಿ, ತಾನುಂಡದ್ದಕ್ಕಿಂತ ಹೆಚ್ಚಾಗಿ ಬಡಿಸಿದ ಹೆಂಗಸಿನ ಎಲುಬು ಹೀಗೆಯೇ ಒಳಗೊಳಗೆ ತೆಳುವಾಗುತ್ತಿರುವಾಗ ಅದನ್ನು ವಿಚಾರಿಸುವವರು ಯಾರೂ ಇರುವುದಿಲ್ಲ. ನೋವಿಲ್ಲದ ಈ ಕ್ಷಯವು ಹೊರಗೆ ತೋರುವುದು ಮೂಳೆ ಮುರಿದ ದಿನವೇ. ದುಃಖದ ಸಂಗತಿಯೆಂದರೆ ಆ ದಿನವೂ ಅದನ್ನು ಕಂಡವರು ಕಂಡಂತೆ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಪರೂಪ.

ಸಾಮಾನ್ಯವಾಗಿ ನಡೆಯುವುದನ್ನೇ ನೋಡೋಣ. ಅರುವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಮುಂಜಾನೆ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿರುವಾಗ ಗಂಜಲದ ಮೇಲೆ ಕಾಲು ಜಾರಿ, ಬೀಳುವ ಭರದಲ್ಲಿ ಅಂಗೈಯನ್ನು ನೆಲಕ್ಕೆ ಊರುತ್ತಾಳೆ. ಮಣಿಕಟ್ಟು ಮುರಿದು ಮುಂಗೈ ಹಿಂಬದಿಗೆ ಉಬ್ಬಿ ಸೊಟ್ಟಗೆ ನಿಲ್ಲುತ್ತದೆ. ಐರ್ಲೆಂಡಿನ ಶಸ್ತ್ರವೈದ್ಯ ಅಬ್ರಹಾಂ ಕೋಲಿಸ್ 1814ರಲ್ಲಿ ವರ್ಣಿಸಿದ ಮುರಿತವು ಇದೇ. ಮನೆಯವರು ನಾಟಿ ಕಟ್ಟು ಕಟ್ಟುವವರಲ್ಲಿಗೋ ಆಸ್ಪತ್ರೆಗೋ ಕರೆದೊಯ್ಯುತ್ತಾರೆ, ಎಕ್ಸ್-ರೇ ಆಗುತ್ತದೆ, ಸಿಮೆಂಟು ಪಟ್ಟಿ ಬೀಳುತ್ತದೆ, ಆರು ವಾರಗಳಾದ ಮೇಲೆ ಅದನ್ನು ಬಿಚ್ಚಿ ಬೆರಳು ಆಡಿಸುತ್ತಿರಿ ಎಂದು ಹೇಳಿ ಕಳುಹಿಸುತ್ತಾರೆ. "ಏನೋ ಗ್ರಹಚಾರ, ಕಾಲು ಜಾರಿತು" ಎಂದು ಮನೆಯವರೂ, "ಮೂಳೆ ಚೆನ್ನಾಗಿ ಕೂಡಿಕೊಂಡಿದೆ" ಎಂದು ವೈದ್ಯರೂ ಸಮಾಧಾನಗೊಂಡಲ್ಲಿಗೆ ಪ್ರಕರಣ ಮುಗಿಯುತ್ತದೆ. ಹತ್ತು ವರ್ಷಗಳ ತರುವಾಯ ಅದೇ ಹೆಂಗಸು ಬಚ್ಚಲಲ್ಲಿ ಬಿದ್ದು ತೊಡೆಯ ಸಂದಿನ ಮೂಳೆಯನ್ನು ಮುರಿದುಕೊಂಡಾಗ, "ಅಜ್ಜಿ ಬಿದ್ದು ಸೊಂಟ ಮುರಿದುಕೊಂಡಳು" ಎಂದು ಊರು ಮರುಗುತ್ತದೆಯೇ ಹೊರತು, ಹತ್ತು ವರ್ಷಗಳ ಹಿಂದಿನ ಮಣಿಕಟ್ಟಿಗೂ ಈ ಸೊಂಟಕ್ಕೂ ನಡುವೆ ಇದ್ದ ಸಂಬಂಧವನ್ನು ಯಾರೂ ಎತ್ತಿ ಆಡುವುದಿಲ್ಲ.

ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಆ ಸಂಬಂಧವನ್ನೇ. ನಿಂತ ಎತ್ತರದಿಂದ ಬಿದ್ದ ಮಾತ್ರಕ್ಕೆ, ಐವತ್ತು ದಾಟಿದವರ ಮೂಳೆ ಮುರಿದರೆ, ತಪ್ಪು ನೆಲದ್ದು ಮಾತ್ರವೆಂದು ತಿಳಿಯಕೂಡದು. ಮೂಳೆಯ ಬಲವೇ ಕುಂದಿತ್ತೆಂದು ತಿಳಿದು ಮುಂದಿನ ವಿಚಾರ ಮಾಡಬೇಕು. ಹೀಗೆ ಒಮ್ಮೆ ಮುರಿದವರಿಗೆ ಮತ್ತೊಂದು ಮುರಿತದ ಸಂಭವವು ಇತರರಿಗಿಂತ ಸುಮಾರು ಇಮ್ಮಡಿ. ತೊಡೆಯ ಸಂದು ಮುರಿದ ವೃದ್ಧರಲ್ಲಿ ಸುಮಾರು ಐವರಲ್ಲಿ ಒಬ್ಬರು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಾರೆ. ಬದುಕಿ ಉಳಿದವರಲ್ಲಿಯೂ ಅನೇಕರು ಮತ್ತೆ ತಮ್ಮಷ್ಟಕ್ಕೆ ತಾವು ಬಾವಿಕಟ್ಟೆಯವರೆಗೆ ನಡೆಯಲಾರರು. ಹರಿಯಾಣದ ರೋಹತಕ್ ಜಿಲ್ಲೆಯಲ್ಲಿ ನಡೆದ ಎಣಿಕೆಯೊಂದರ ಪ್ರಕಾರ ಐವತ್ತು ಮೀರಿದ ಲಕ್ಷ ಸ್ತ್ರೀಯರಲ್ಲಿ ವರ್ಷಕ್ಕೆ 159 ಮಂದಿಗೂ, ಅಷ್ಟೇ ಪುರುಷರಲ್ಲಿ 105 ಮಂದಿಗೂ ಈ ಮುರಿತವುಂಟಾಗುತ್ತದೆ. ಪುರುಷರ ಸಂಖ್ಯೆ ಇಷ್ಟಿರುವುದನ್ನು ಗಮನಿಸತಕ್ಕದ್ದು. ಇದು ಹೆಂಗಸರದೇ ಕಾಯಿಲೆಯೆಂದು ಬೀಡಿ ಸೇದುವ, ಹೆಂಡ ಕುಡಿಯುವ, ದಮ್ಮಿನ ಮಾತ್ರೆ ನುಂಗುವ ಮುದುಕರನ್ನು ಬಿಟ್ಟುಬಿಡುವುದು ಸರಿಯಲ್ಲ.

ಎಲುಬು ಕಲ್ಲಿನಂತೆ ಜಡವಾದ ವಸ್ತುವೆಂಬ ಭಾವನೆ ನಮ್ಮಲ್ಲಿದೆ. ವಾಸ್ತವದಲ್ಲಿ ಅದು ಹುಟ್ಟಿದಂದಿನಿಂದ ಸಾಯುವವರೆಗೂ ಕೆಡವಿ ಕಟ್ಟಲ್ಪಡುತ್ತಲೇ ಇರುವ ಸಜೀವ ರಚನೆ. ಕೆಡವುವ ಕಣಗಳು ಬೇರೆ, ಕಟ್ಟುವ ಕಣಗಳು ಬೇರೆ. ಮೂವತ್ತರ ವಯಸ್ಸಿನವರೆಗೆ ಕಟ್ಟುವವರ ಕೈ ಮೇಲಾಗಿದ್ದು, ಅನಂತರ ಕೆಲಕಾಲ ಸಮತೂಕದಲ್ಲಿದ್ದು, ಸ್ತ್ರೀಯರಲ್ಲಿ ಮುಟ್ಟು ನಿಂತೊಡನೆ, ಅದುವರೆಗೆ ಕೆಡವುವ ಕಣಗಳನ್ನು ಹತೋಟಿಯಲ್ಲಿಟ್ಟಿದ್ದ ಈಸ್ಟ್ರೋಜನ್ ರಸವು ಬತ್ತಿಹೋಗುವುದರಿಂದ, ಮುಂದಿನ ಐದಾರು ವರ್ಷಗಳಲ್ಲಿ ಎಲುಬಿನ ನಷ್ಟವು ಅತಿವೇಗವಾಗಿ ಸಾಗುತ್ತದೆ. ಮುಟ್ಟು ಬೇಗ ನಿಂತಷ್ಟೂ ನಷ್ಟವೂ ಬೇಗ ಮೊದಲಾಗುತ್ತದೆ. ಆದುದರಿಂದಲೇ ಚಿಕ್ಕ ವಯಸ್ಸಿನಲ್ಲಿ ಗರ್ಭಕೋಶವನ್ನೂ ಅದರೊಡನೆ ಅಂಡಾಶಯಗಳನ್ನೂ ತೆಗೆಸಿಕೊಂಡ ಹೆಂಗಸರ ವಿಚಾರದಲ್ಲಿ ವೈದ್ಯರು ವಿಶೇಷ ಎಚ್ಚರ ವಹಿಸಬೇಕು. ಕಲಬುರಗಿಯ ತಾಂಡಾಗಳಲ್ಲಿ ಅನಗತ್ಯವಾಗಿ ನಡೆದ ಇಂಥ ಶಸ್ತ್ರಚಿಕಿತ್ಸೆಗಳ ವಿರುದ್ಧ ಹೆಣ್ಣುಮಕ್ಕಳೇ ಬೀದಿಗಿಳಿದುದನ್ನು ನಾಡು ಕಂಡಿದೆ. ಆ ಅನ್ಯಾಯದ ಸುದೀರ್ಘ ಫಲವನ್ನು ಅವರ ಎಲುಬುಗಳು ಇನ್ನು ಇಪ್ಪತ್ತು ವರ್ಷಗಳ ಮೇಲೆಯೂ ಅನುಭವಿಸಬೇಕಾಗಿ ಬರಬಹುದೆಂಬುದನ್ನು ನೆನೆದರೆ ಮನಸ್ಸು ಕಲಕುತ್ತದೆ. ನಮ್ಮ ತಾಲ್ಲೂಕುಗಳ ಚಿಕಿತ್ಸಾಲಯಗಳಲ್ಲಿಯೂ ಸೊಂಟನೋವೆಂದು ಬಂದ ಹೆಂಗಸನ್ನು, "ಗರ್ಭಕೋಶ ತೆಗೆಸಿದ್ದೀರಾ, ಎಷ್ಟನೆಯ ವಯಸ್ಸಿನಲ್ಲಿ?" ಎಂದು ಕೇಳುವ ರೂಢಿ ಬೆಳೆಯಬೇಕು.

ಮುರಿದ ಮೂಳೆಯ ವಿಚಾರ ನಮ್ಮ ಹಿಂದಿನವರಿಗೆ ತಿಳಿಯದುದೇನಲ್ಲ. ಬಾಲ್ಯದಲ್ಲಿ ಒಂದು ತಿಂಗಳಿಗೆ ಕೂಡುವ ಮೂಳೆಯು ನಡುವಯಸ್ಸಿನಲ್ಲಿ ಅದರ ಇಮ್ಮಡಿ ಕಾಲವನ್ನೂ ಮುಪ್ಪಿನಲ್ಲಿ ಮುಮ್ಮಡಿ ಕಾಲವನ್ನೂ ತೆಗೆದುಕೊಳ್ಳುವುದೆಂದು ಸುಶ್ರುತಸಂಹಿತೆ ಭಗ್ನಚಿಕಿತ್ಸೆಯ ಪ್ರಸಂಗದಲ್ಲಿ ಲೆಕ್ಕ ಕೊಟ್ಟಿದೆ. ಅರಳಿ, ಅತ್ತಿ, ಮುತ್ತುಗ, ಬಿದಿರುಗಳ ದಬ್ಬೆ ಕಟ್ಟುವ ಕ್ರಮವನ್ನೂ ವಿವರಿಸಿದೆ. ಆದರೆ ಮುರಿಯುವ ಮೊದಲೇ ಎಲುಬಿನ ಸಾಂದ್ರತೆಯನ್ನು ಅಳೆದು ತಿಳಿಯುವ ವಿದ್ಯೆ ಕಳೆದ ಶತಮಾನದ ಉತ್ತರಾರ್ಧದ್ದು. ಡೆಕ್ಸಾ ಎಂಬ ಯಂತ್ರದಿಂದ ಅಳೆದ ಸಾಂದ್ರತೆಯು ಆರೋಗ್ಯವಂತ ತರುಣಿಯರ ಸರಾಸರಿಗಿಂತ ಎರಡೂವರೆ ಪ್ರಮಾಣಿತ ವಿಚಲನೆಗಳಷ್ಟು ಕೆಳಗಿಳಿದಿದ್ದರೆ ಅದನ್ನು ಆಸ್ಟಿಯೊಪೊರೋಸಿಸ್ ಎಂದು ಕರೆಯತಕ್ಕದ್ದೆಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ನಿಗದಿ ಮಾಡಿತು. ಆ ಯಂತ್ರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇರತಕ್ಕ ವಸ್ತುವಲ್ಲ. ಅದಕ್ಕಾಗಿ ದೊಡ್ಡ ಊರಿನ ಬಸ್ಸು ಹತ್ತಬೇಕು, ಒಂದು ದಿನದ ಕೂಲಿ ಬಿಡಬೇಕು, ಜೊತೆಗೆ ಮಗನೋ ಸೊಸೆಯೋ ಬರಬೇಕು. ಯಂತ್ರವಿಲ್ಲವಾದುದರಿಂದ ನಾವೇನು ಮಾಡಲಾದೀತು ಎಂಬ ನಿಟ್ಟುಸಿರು ಅಲ್ಲಿಂದಲೇ ಹುಟ್ಟುತ್ತದೆ. ಆ ನಿಟ್ಟುಸಿರನ್ನು ನಾನು ಒಪ್ಪಲಾರೆ. ಬಿದ್ದು ತೊಡೆಸಂದನ್ನೋ ಬೆನ್ನುಮೂಳೆಯನ್ನೋ ಮುರಿದುಕೊಂಡ ವೃದ್ಧೆಗೆ ಚಿಕಿತ್ಸೆ ಮೊದಲುಮಾಡಲು ಡೆಕ್ಸಾದ ಸಂಖ್ಯೆಗಾಗಿ ಕಾದು ಕೂಡಬೇಕಾಗಿಲ್ಲ. ಮುರಿತವೇ ಸಾಕಷ್ಟು ಪ್ರಮಾಣ. ಮುರಿಯದವರಲ್ಲಿಯೂ ಅಪಾಯವನ್ನು ಅಂದಾಜು ಮಾಡಲು, ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2008ರಲ್ಲಿ ಹೊರತಂದ ಫ್ರಾಕ್ಸ್ ಗಣನೆಯಿದೆ. ಸಾಂದ್ರತೆಯ ಅಂಕವಿಲ್ಲದೆಯೂ ಅದು ನಡೆಯುತ್ತದೆ, ಭಾರತೀಯರಿಗೆಂದು ಅದರ ಪ್ರತ್ಯೇಕ ರೂಪವೂ ಇದೆ.

ಅದಕ್ಕಿಂತಲೂ ಸುಲಭವಾದುದು ಏಷ್ಯಾದ ಎಂಟು ದೇಶಗಳ ಸ್ತ್ರೀಯರನ್ನು ಪರೀಕ್ಷಿಸಿ 2001ರಲ್ಲಿ ರಚಿಸಿದ ಒಂದು ಸೂತ್ರ. ಕಿಲೋಗ್ರಾಂ ತೂಕದಲ್ಲಿ ವಯಸ್ಸನ್ನು ಕಳೆದು ಬಂದುದನ್ನು ಐದರಿಂದ ಭಾಗಿಸಿದರೆ ಮುಗಿಯಿತು: ಅರುವತ್ತೆರಡು ವರ್ಷದ, ನಲವತ್ತೊಂದು ಕಿಲೋ ತೂಗುವ ಹೆಂಗಸಿಗೆ ಇಪ್ಪತ್ತೊಂದು ಕಡಮೆಯಾಗಿ, ಋಣ 4.2 ಬರುತ್ತದೆ, ಋಣ ನಾಲ್ಕಕ್ಕಿಂತ ಕೆಳಗೆ ಹೋದವರೆಲ್ಲ ಹೆಚ್ಚಿನ ಅಪಾಯದವರು. ಆ ಎಂಟು ದೇಶಗಳಲ್ಲಿ ಭಾರತ ಸೇರಿರಲಿಲ್ಲವಾದುದರಿಂದ ಇದನ್ನು ತೀರ್ಪೆಂದು ಹಿಡಿಯದೆ ಸೂಚನೆಯೆಂದು ಹಿಡಿಯಬೇಕು. ಆದರೂ ತೂಕದ ಯಂತ್ರವೊಂದಿರುವ ಯಾವ ಉಪಕೇಂದ್ರದಲ್ಲಾದರೂ ಇದು ಅರ್ಧ ನಿಮಿಷದ ಕೆಲಸ. ಗೋಡೆಗೆ ಗೆರೆ ಎಳೆದು ಎತ್ತರ ಅಳೆಯುವುದೂ ಅಂಥದೇ. ಯೌವನದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರಿನಷ್ಟು ಕುಗ್ಗಿದ್ದರೆ, ಬೆನ್ನು ಬಾಗಿದ್ದರೆ, ಗೋಡೆಗೆ ಹಿಮ್ಮಡಿ ತಾಗಿಸಿ ನಿಂತಾಗ ತಲೆಯ ಹಿಂಬದಿ ಗೋಡೆಯನ್ನು ಮುಟ್ಟದಿದ್ದರೆ, ಬೆನ್ನುಮೂಳೆಯ ಯಾವುದೋ ಮಣಿ ಸದ್ದಿಲ್ಲದೆ ಜಜ್ಜಿಹೋಗಿರುವ ಸಾಧ್ಯತೆಯಿದೆ. ಬೆನ್ನುಮೂಳೆಯ ಮುರಿತಗಳಲ್ಲಿ ಮೂರರಲ್ಲಿ ಎರಡು ಪಾಲು ವೈದ್ಯರ ಗಮನಕ್ಕೆ ಬರುವುದೇ ಇಲ್ಲ. ಕೆಮ್ಮಿಗೆಂದು ತೆಗೆಸಿದ ಎದೆಯ ಎಕ್ಸ್-ರೇಯಲ್ಲಿ, ಅದನ್ನು ಪಕ್ಕದಿಂದ ತೆಗೆದಿದ್ದರೆ, ಬೆಣೆಯಾಕಾರಕ್ಕೆ ಕುಸಿದ ಮಣಿಯೊಂದು ಸ್ಪಷ್ಟವಾಗಿ ಕಾಣುತ್ತಿದ್ದರೂ, ಶ್ವಾಸಕೋಶವನ್ನು ಮಾತ್ರ ನೋಡಿ ಚಿತ್ರವನ್ನು ಲಕೋಟೆಗೆ ಸೇರಿಸುವುದುಂಟು. ಕಣ್ಣು ಒಂದು ಅಂಗುಲ ಹಿಂದಕ್ಕೆ ಸರಿದರೆ ಸಾಕಾಗಿತ್ತು.

ಆಹಾರದ ವಿಚಾರಕ್ಕೆ ಬಂದರೆ ಈ ಸೀಮೆಯಷ್ಟು ಭಾಗ್ಯಶಾಲಿಯಾದುದು ಬೇರೆ ಕಡಮೆ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸಿನ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ ಹತ್ತರಷ್ಟಿದ್ದರೆ ಹೆಚ್ಚು. ಪ್ರೌಢರಿಗೆ ದಿನಕ್ಕೆ ಸಾವಿರ ಮಿಲಿಗ್ರಾಂ, ಮುಟ್ಟು ನಿಂತವರಿಗೆ 1200 ಮಿಲಿಗ್ರಾಂ ಬೇಕೆಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2020ರ ಗೊತ್ತುಪಾಡು. ಎರಡು ಹೊತ್ತು ಮುದ್ದೆ, ಮಸ್ಸೊಪ್ಪಿನ ಸಾರು, ಒಂದು ಲೋಟ ಹಾಲು ಅಥವಾ ಮೊಸರು, ಸಂಕ್ರಾಂತಿಗೆ ಮಾತ್ರ ನೆನಪಾಗದ ಎಳ್ಳು ಇವಿಷ್ಟರಿಂದ ಆ ಲೆಕ್ಕದ ಬಹುಪಾಲು ತುಂಬುತ್ತದೆ. ರಾಗಿಯಲ್ಲಿರುವ ಫೈಟೇಟ್ ಎಂಬ ಪದಾರ್ಥವು ಸುಣ್ಣವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಹೋಗಗೊಡದಿರುವುದೂ ನಿಜ. ಅದಕ್ಕೆ ಪರಿಹಾರವನ್ನು ನಮ್ಮ ಅಡುಗೆಮನೆಗಳು ಹಿಂದೆಯೇ ಕಂಡುಕೊಂಡಿದ್ದವು, ಮೊಳಕೆ ಕಟ್ಟಿದ ರಾಗಿಯ ಹಿಟ್ಟಿನಲ್ಲಿ ಮತ್ತು ಹುಳಿಬಂದ ಅಂಬಲಿಯಲ್ಲಿ. ಮುದ್ದೆಯ ಸ್ಥಾನದಲ್ಲಿ ಅನ್ನ ಬಂದು ಕುಳಿತ ಮನೆಗಳಲ್ಲಿ, ಅದರಲ್ಲಿಯೂ ಎಲ್ಲರ ಊಟವಾದ ಮೇಲೆ ತಳದಲ್ಲಿ ಉಳಿದುದನ್ನು ಉಣ್ಣುವ ಹೆಂಗಸಿನ ತಟ್ಟೆಯಲ್ಲಿ ಹಾಲಿಗೂ ಸೊಪ್ಪಿಗೂ ಎಡೆಯಿಲ್ಲದಿದ್ದರೆ, ಮಾತ್ರೆಯ ಅಗತ್ಯ ಬೀಳುತ್ತದೆ. ಅದನ್ನು ಊಟದೊಡನೆ, ಒಂದು ಬಾರಿಗೆ 500 ಮಿಲಿಗ್ರಾಂ ಮೀರದಂತೆ ಕೊಡಬೇಕು. ಶಾಲಾಮಕ್ಕಳಿಗೆ 2013ರಿಂದ ಕ್ಷೀರಭಾಗ್ಯದ ಹಾಲೂ, 2024ರಿಂದ ರಾಗಿ ಮಾಲ್ಟೂ ದೊರೆಯುತ್ತಿರುವುದನ್ನು ಕೇವಲ ಹಸಿವಿನ ಯೋಜನೆಯೆಂದು ನಾನು ಎಣಿಸುವುದಿಲ್ಲ. ಎಲುಬಿನ ಠೇವಣಿಯ ಬಹುಪಾಲು ತುಂಬುವುದು ಹದಿಹರೆಯದಲ್ಲಿಯೇ ಆದುದರಿಂದ, ಇಂದು ಗುಬ್ಬಿಯ ಶಾಲೆಯಲ್ಲಿ ಲೋಟ ಹಿಡಿದು ಸಾಲಿನಲ್ಲಿ ನಿಂತ ಹುಡುಗಿಯ ಅರುವತ್ತನೆಯ ವರ್ಷಕ್ಕೆ ಅದು ಸಲ್ಲುತ್ತದೆ.

ಬಿಸಿಲಿನ ದೇಶದಲ್ಲಿ ಡಿ ಜೀವಸತ್ವದ ಕೊರತೆ ಹೇಗೆ ಎಂದು ಕೇಳುವವರುಂಟು. ತಿರುಪತಿಯ ಸುತ್ತ ನಡೆದ ಅಧ್ಯಯನಗಳಲ್ಲಿ ಹೊಲದಲ್ಲಿ ದುಡಿಯುವವರಲ್ಲಿಯೂ ಅದು ಸಾಲದಾಗಿರುವುದು ಕಂಡುಬಂದಿದೆ. ಚರ್ಮದಲ್ಲಿ ಈ ಸತ್ವ ಚೆನ್ನಾಗಿ ತಯಾರಾಗುವುದು ಬೆಳಗಿನ ಎಳೆಬಿಸಿಲಿನಲ್ಲಲ್ಲ, ಹನ್ನೊಂದರಿಂದ ಎರಡು ಗಂಟೆಯೊಳಗಿನ ಬಿಸಿಲಿನಲ್ಲಿ. ಕೊರತೆ ಇರುವವರಿಗೆ ವಾರಕ್ಕೊಂದು ಅರುವತ್ತು ಸಾವಿರ ಯೂನಿಟ್ಟಿನ ಪುಡಿಯನ್ನು ಎಂಟು ವಾರ ಕೊಟ್ಟು, ಆಮೇಲೆ ಪ್ರಮಾಣವನ್ನು ಇಳಿಸುವುದು ರೂಢಿ. ಇಷ್ಟಕ್ಕೆ ನಿಲ್ಲದೆ ಒಂದೇ ಸಲಕ್ಕೆ ಆರು ಲಕ್ಷದ ಚುಚ್ಚುಮದ್ದು ಹಾಕಿಸಿಕೊಳ್ಳುವ ಆತುರ ಸಲ್ಲದು: ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಕೊಟ್ಟ ಆಸ್ಟ್ರೇಲಿಯದ ಪ್ರಯೋಗದಲ್ಲಿ, ಅದರ ಫಲಿತಾಂಶ 2010ರಲ್ಲಿ ಪ್ರಕಟವಾಯಿತು, ವೃದ್ಧೆಯರು ಬೀಳುವುದೂ ಮುರಿಯುವುದೂ ಹೆಚ್ಚಿತೇ ವಿನಾ ತಗ್ಗಲಿಲ್ಲ.

ನಮ್ಮ ತುಮಕೂರು ಜಿಲ್ಲೆಗೇ ಸೇರಿದ ಒಂದು ತೊಡಕನ್ನು ಇಲ್ಲಿ ಹೇಳದಿದ್ದರೆ ಚಿತ್ರ ಅಪೂರ್ಣವಾದೀತು. ಪಾವಗಡದ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕ. ಅದನ್ನು ದಶಕಗಳ ಕಾಲ ಕುಡಿದವರ ಎಲುಬು ನೋಡಲು ದಟ್ಟವಾಗಿ, ಗುಣದಲ್ಲಿ ಪೆಡಸಾಗಿ, ಬಾಗಲಾರದೆ ಮುರಿಯುವಂಥದಾಗುತ್ತದೆ. ಡೆಕ್ಸಾ ಯಂತ್ರವು ಅಂಥ ಎಲುಬನ್ನು ಗಟ್ಟಿಯೆಂದು ತೋರಿಸಿ ವೈದ್ಯನನ್ನು ದಾರಿತಪ್ಪಿಸಬಹುದು. ಆದುದರಿಂದ ರೋಗಿ ಎಲ್ಲಿ ಹುಟ್ಟಿ ಬೆಳೆದಳು, ಯಾವ ಊರಿನಿಂದ ಯಾವ ಊರಿಗೆ ಸೊಸೆಯಾಗಿ ಬಂದಳು, ಯಾವ ನೀರು ಕುಡಿದಳು ಎಂಬ ಪ್ರಶ್ನೆಗಳು ನಮ್ಮ ಜಿಲ್ಲೆಯಲ್ಲಿ ಕುಶಲೋಪರಿಯ ಮಾತುಗಳಷ್ಟೇ ಆಗಿರದೆ ವೈದ್ಯಕೀಯ ಪರೀಕ್ಷೆಯ ಭಾಗವೇ ಆಗಿವೆ.

ಇನ್ನು ಔಷಧ. ಈಗ ವಾರಕ್ಕೊಮ್ಮೆ 70 ಮಿಲಿಗ್ರಾಂ ಮಾತ್ರೆಯಾಗಿ ನುಂಗುವ ಅಲೆಂಡ್ರೊನೇಟ್ ಮದ್ದು ಕೆಡವುವ ಕಣಗಳ ಕೈಕಟ್ಟಿ, ಆಗಲೇ ಬೆನ್ನುಮೂಳೆ ಮುರಿದಿದ್ದ ಸ್ತ್ರೀಯರಲ್ಲಿ ಹೊಸ ಮುರಿತಗಳನ್ನು ಸುಮಾರು ಅರ್ಧಕ್ಕೆ ಇಳಿಸಿದುದು 1996ರಲ್ಲಿಯೇ ಸಿದ್ಧಪಟ್ಟಿದೆ. ಆದರೆ ಈ ಮಾತ್ರೆಯ ಫಲವೆಲ್ಲ ಅದನ್ನು ನುಂಗುವ ಕ್ರಮದಲ್ಲಿ ಅಡಗಿದೆ, ಆ ಕ್ರಮವನ್ನು ಬಿಡಿಸಿ ಹೇಳುವ ವ್ಯವಧಾನವೇ ಹೊರರೋಗಿಗಳ ಸಾಲಿನಲ್ಲಿ ಸಿಕ್ಕುವುದಿಲ್ಲ. ಎದ್ದೊಡನೆ ಕಾಫಿ ಕುಡಿಯುವುದಕ್ಕೆ ಮುಂಚೆ, ಬರಿಹೊಟ್ಟೆಯಲ್ಲಿ, ತುಂಬಿದ ಲೋಟ ನೀರಿನೊಡನೆ ನುಂಗಬೇಕು. ಅನಂತರ ಅರ್ಧ ಗಂಟೆ ಮಲಗಕೂಡದು, ಏನನ್ನೂ ತಿನ್ನಕೂಡದು, ಕ್ಯಾಲ್ಸಿಯಂ ಮಾತ್ರೆಯನ್ನಂತೂ ಜೊತೆಗೆ ಸೇರಿಸಲೇಕೂಡದು. ಮಲಗಿದರೆ ಅನ್ನನಾಳ ಸುಡುತ್ತದೆ, ಕಾಫಿ ಬೆರೆತರೆ ಮದ್ದು ರಕ್ತಕ್ಕೆ ಸೇರುವುದು ಬಹಳ ತಗ್ಗುತ್ತದೆ. "ಸೋಮವಾರ ಬೆಳಿಗ್ಗೆ ಮುಖ ತೊಳೆದು, ಮಾತ್ರೆ ನುಂಗಿ, ಅಂಗಳ ಗುಡಿಸಿ, ರಂಗೋಲಿ ಹಾಕಿ, ಆಮೇಲೆ ಕಾಫಿ" ಎಂದು ದಿನಚರಿಗೆ ಹೆಣೆದು ಹೇಳಿದರೆ ಹೆಂಗಸರು ಮರೆಯುವುದಿಲ್ಲ. ಮಾತ್ರೆ ಒಗ್ಗದವರಿಗೆ ವರ್ಷಕ್ಕೊಮ್ಮೆ ನರದ ಮೂಲಕ ಕೊಡುವ ಜೊಲೆಂಡ್ರಾನಿಕ್ ಆಮ್ಲವಿದೆ. ತೊಡೆಸಂದು ಮುರಿದವರಿಗೆ ಅದನ್ನು ಕೊಟ್ಟಾಗ ಮರುಮುರಿತ ಮಾತ್ರವಲ್ಲದೆ ಮರಣವೂ ಕಡಮೆಯಾದುದು 2007ರಲ್ಲಿ ಕಂಡುಬಂದಿತು. ಎರಡಕ್ಕೂ ಮೊದಲು ಮೂತ್ರಪಿಂಡಗಳ ಸ್ಥಿತಿಯನ್ನು ನೋಡಿ, ಡಿ ಸತ್ವದ ಕೊರತೆಯನ್ನು ತುಂಬಿರಬೇಕು. ಆರು ತಿಂಗಳಿಗೊಮ್ಮೆ ಹಾಕುವ ಡೆನೋಸುಮಾಬ್ ಚುಚ್ಚುಮದ್ದನ್ನು ಮಾತ್ರ, ಬಿಡದೆ ಮುಂದುವರಿಸುವ ಖಾತರಿಯಿಲ್ಲದ ಹಳ್ಳಿಯ ರೋಗಿಗೆ ಮೊದಲುಮಾಡುವ ಮುನ್ನ ಎರಡು ಬಾರಿ ಯೋಚಿಸಬೇಕು. ನಡುವೆ ನಿಲ್ಲಿಸಿದರೆ ಬೆನ್ನಿನ ಮಣಿಗಳು ಒಂದರಮೇಲೊಂದರಂತೆ ಮುರಿಯುವ ಭಯವಿದೆ. ಕೀಲುನೋವಿಗೆಂದು ಹೆಸರಿಲ್ಲದ ಪುಡಿಗಳನ್ನು ತಿನ್ನುವವರನ್ನೂ ವಿಚಾರಿಸತಕ್ಕದ್ದು; ಅಂಥವುಗಳಲ್ಲಿ ಸ್ಟೆರಾಯ್ಡ್ ಬೆರೆತಿರುವುದುಂಟು, ಮೂರು ತಿಂಗಳು ಸ್ಟೆರಾಯ್ಡ್ ತಿಂದ ಎಲುಬು ಯಾವ ವಯಸ್ಸಿನಲ್ಲಿಯೂ ಮುರಿಯಬಹುದು.

ಬೀಳದಿದ್ದರೆ ತೆಳುಮೂಳೆಯೂ ಬಹುಕಾಲ ಬಾಳುತ್ತದೆ. ರಾತ್ರಿ ಮೂತ್ರಕ್ಕೆ ಎದ್ದಾಗ ಎತ್ತರದ ಹೊಸ್ತಿಲು, ಪಾಚಿಗಟ್ಟಿದ ಬಚ್ಚಲು, ಕರೆಂಟಿಲ್ಲದ ಹಿತ್ತಿಲು, ಪೊರೆ ಬಂದ ಕಣ್ಣು, ನಿದ್ದೆಯ ಮಾತ್ರೆ, ಎದ್ದೊಡನೆ ತಲೆಸುತ್ತು ತರಿಸುವ ರಕ್ತದೊತ್ತಡದ ಮಾತ್ರೆ ಇವೆಲ್ಲ ಒಟ್ಟುಗೂಡಿ ಬೀಳಿಸುತ್ತವೆ. ಕುರ್ಚಿಯಿಂದ ಎದ್ದು ಮೂರು ಮೀಟರು ನಡೆದು ತಿರುಗಿ ಬಂದು ಕೂಡಲು ಹನ್ನೆರಡು ಸೆಕೆಂಡುಗಳಿಗಿಂತ ಹೆಚ್ಚು ಹಿಡಿಯುವ ವೃದ್ಧರು ಬೀಳುವ ದಾರಿಯಲ್ಲಿದ್ದಾರೆಂದು ತಿಳಿಯಬಹುದು. ಸಕ್ಕರೆ, ಬಿಪಿ ನೋಡಿಸಲು ಉಪಕೇಂದ್ರಕ್ಕೆ ತಿಂಗಳಿಗೊಮ್ಮೆ ಬರುವವರನ್ನು ಅಲ್ಲಿನ ಜಗಲಿಯ ಮೇಲೆಯೇ ಹೀಗೆ ನಡೆಸಿ ನೋಡಬಹುದು, ಗಡಿಯಾರವೊಂದಿದ್ದರಾಯಿತು. ಬಚ್ಚಲ ಗೋಡೆಗೆ ಒಂದು ಹಿಡಿ, ರಾತ್ರಿ ಉರಿಯುವ ಒಂದು ಪುಟ್ಟ ದೀಪ, ದಿನಕ್ಕೆ ಹತ್ತು ಬಾರಿ ಕೈಯೂರದೆ ಕುರ್ಚಿಯಿಂದೇಳುವ ಅಭ್ಯಾಸ, ಕಂಬ ಹಿಡಿದು ಒಂಟಿಕಾಲಿನಲ್ಲಿ ನಿಲ್ಲುವ ಅಭ್ಯಾಸ ಇವು ಬೆಲೆಯಲ್ಲಿ ಅತ್ಯಲ್ಪ. ಬೆನ್ನಿನ ಮಣಿ ಕುಸಿದವರು ಮಾತ್ರ ಬಗ್ಗಿ ತುಂಬಿದ ಬಿಂದಿಗೆ ಎತ್ತುವುದನ್ನು ಬಿಡಲೇಬೇಕು. ಮನೆಯವರು ಆ ಬಿಂದಿಗೆಯನ್ನು ಕೈಯಿಂದ ಇಸಿದುಕೊಳ್ಳಬೇಕು.

ಇಷ್ಟೆಲ್ಲ ತಿಳಿದಿದ್ದೂ ಜಗತ್ತಿನಾದ್ಯಂತ ಮುರಿದ ಐವರಲ್ಲಿ ನಾಲ್ವರು ಮರುಮುರಿತವನ್ನು ತಡೆಯುವ ಚಿಕಿತ್ಸೆಯಿಲ್ಲದೆಯೇ ಮನೆಗೆ ಹೋಗುತ್ತಿದ್ದಾರೆ. ಇದಕ್ಕೆ ಕಾರಣ ಯಾರೊಬ್ಬರ ಉಪೇಕ್ಷೆಯಲ್ಲ: ಮೂಳೆ ಕೂಡಿಸುವ ವೈದ್ಯನು ತನ್ನ ಕೆಲಸ ಮುಗಿಯಿತೆಂದು ಭಾವಿಸುತ್ತಾನೆ, ಊರಿನ ವೈದ್ಯನಿಗೆ ಮುರಿದ ಸುದ್ದಿಯೇ ತಲಪುವುದಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಈ ಇಬ್ಬರ ನಡುವೆ ಒಬ್ಬ ದಾದಿಯನ್ನು ನಿಲ್ಲಿಸಿದರು. ಮುರಿದು ಬಂದ ಐವತ್ತು ಮೀರಿದವರನ್ನೆಲ್ಲ ಪಟ್ಟಿಮಾಡಿ, ಪರೀಕ್ಷೆಗೂ ಮದ್ದಿಗೂ ಹಚ್ಚುವುದಷ್ಟೇ ಆಕೆಯ ಕೆಲಸ. ಆ ಏರ್ಪಾಟು ಇಂದು ಅನೇಕ ದೇಶಗಳಿಗೆ ಮಾದರಿಯಾಗಿದೆ. ಕುಣಿಗಲ್ಲಿನ ತಾಲ್ಲೂಕು ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟುವ ಕೋಣೆಯ ಮೇಜಿನ ಮೇಲೆ ಒಂದು ರಿಜಿಸ್ಟರು ಇರಿಸುವುದರಿಂದ ನಾವು ಇದನ್ನು ಆರಂಭಿಸಬಹುದು: ಹೆಸರು, ವಯಸ್ಸು, ಹೇಗೆ ಬಿದ್ದದ್ದು, ಯಾವ ಮೂಳೆ, ಯಾವ ಪ್ರಾಥಮಿಕ ಕೇಂದ್ರದ ವ್ಯಾಪ್ತಿ. ಹುಲಿಯೂರುದುರ್ಗ, ಅಮೃತೂರು, ಎಡೆಯೂರುಗಳ ಕಡೆಯವರ ಹೆಸರು ಆಯಾ ಕಡೆಗೆ ಹೋಗಲಿ. ನಾಟಿ ಕಟ್ಟಿನವರೂ ಮುದುಕಿಯೊಬ್ಬಳ ಮಣಿಕಟ್ಟು ಕಟ್ಟಿದ ಮೇಲೆ, "ಒಮ್ಮೆ ಆಸ್ಪತ್ರೆಗೆ ತೋರಿಸಿ" ಎನ್ನುವಂತೆ ಅವರೊಡನೆ ಗೌರವದಿಂದ ಮಾತಾಡಿ ಒಪ್ಪಿಸಬೇಕು, ಏಕೆಂದರೆ ಜನ ಮೊದಲು ಹೋಗುವುದು ಅವರ ಬಾಗಿಲಿಗೆ.

ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ತುಂಬುವ ನಮೂನೆಯಲ್ಲಿ ಅರುವತ್ತು ಮೀರಿದವರಿಗೆ, ನಿಂತಾಗ ಅಥವಾ ನಡೆಯುವಾಗ ತತ್ತರಿಸಿದಂತಾಗುತ್ತದೆಯೆ ಎಂಬ ಪ್ರಶ್ನೆ ಈಗಾಗಲೇ ಇದೆ. ಅದಕ್ಕೆ ಹೌದೆಂಬ ಉತ್ತರ ಬಂದಾಗ ಮುಂದೇನು ಎಂಬುದಕ್ಕೆ ಒಂದು ದಾರಿ ಏರ್ಪಡಬೇಕು, ಅದರ ಪಕ್ಕದಲ್ಲಿ "ಐವತ್ತಾದ ಮೇಲೆ ಬಿದ್ದು ಮೂಳೆ ಮುರಿದಿತ್ತೆ?" ಎಂಬ ಇನ್ನೊಂದು ಪ್ರಶ್ನೆ ಸೇರಬೇಕು. ಮಾತ್ರೆ ಮೊದಲುಮಾಡಿದವರಲ್ಲಿ ಅರ್ಧದಷ್ಟು ಮಂದಿ ವರ್ಷದೊಳಗೆ ಬಿಟ್ಟುಬಿಡುವುದರಿಂದ, ಮೂರು ತಿಂಗಳಿಗೊಮ್ಮೆ ಆಶಾ ಕಾರ್ಯಕರ್ತೆಯೇ ಮನೆಗೆ ಹೋಗಿ ಮಾತ್ರೆಯ ಹಾಳೆಯನ್ನು ಕೈಯಲ್ಲಿ ಹಿಡಿದು ನೋಡಿ ಬರಬೇಕು. ಐದು ವರ್ಷ ತುಂಬಿದವರನ್ನು ವೈದ್ಯರ ಮುಂದೆ ಕೂರಿಸಿ, ಮದ್ದಿಗೆ ಬಿಡುವು ಕೊಡಬಹುದೆ, ತೊಡೆಯಲ್ಲಿ ಮಂದವಾದ ನೋವಿದೆಯೆ ಎಂದು ವಿಚಾರಿಸಬೇಕು, ಏಕೆಂದರೆ ಬಹುಕಾಲ ಈ ಮದ್ದು ತಿಂದ ಕೆಲವೇ ಕೆಲವರಲ್ಲಿ ತೊಡೆಮೂಳೆಯು ಬೇರೊಂದು ಬಗೆಯಲ್ಲಿ ಬಿರುಕು ಬಿಡುವುದುಂಟು. ಈ ಕೆಲಸಕ್ಕೆ ತಕ್ಕ ಸಂಭಾವನೆಯನ್ನು ಆಕೆಗೆ ಗೊತ್ತುಮಾಡುವುದು ಸರ್ಕಾರದ ಹೊಣೆ. ತಾಲ್ಲೂಕು ಆರೋಗ್ಯಾಧಿಕಾರಿಗಳ ತಿಂಗಳ ಸಭೆಯಲ್ಲಿ ಹೆರಿಗೆ, ಲಸಿಕೆ, ಕ್ಷಯರೋಗಗಳ ಅಂಕಿಗಳನ್ನು ಓದುವ ಹೊತ್ತಿನಲ್ಲಿಯೇ, ಆ ತಿಂಗಳು ಮುರಿದು ಬಂದವರೆಷ್ಟು, ಅವರಲ್ಲಿ ಮದ್ದು ಆರಂಭಿಸಿದವರೆಷ್ಟು ಎಂಬ ಎರಡು ಅಂಕಿಗಳನ್ನೂ ಗಟ್ಟಿಯಾಗಿ ಓದುವಂತಾಗಲಿ.